ಚೀಟಿ ಸಿಕ್ಕ ಮೇಲಿನ ಅರ್ಧ ಗಂಟೆ: ವೃತ್ತಿಪರ ಕಾಲೇಜುಗಳಲ್ಲಿ ಪರೀಕ್ಷಾ ಅಕ್ರಮ ತಡೆಯುವ, ವಿಚಾರಿಸುವ ಬಗೆ

ಇನ್ಸುಲಿನ್ ಬಾಟಲಿಗಳಲ್ಲಿ ಎರಡು ಬಗೆ: ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರ ಸಿರಿಂಜಿನ ಗೆರೆ ನೋಡಿಕೊಂಡು 100ರ ಬಾಟಲಿಯಿಂದ ಔಷಧ ಎಳೆದರೆ ರೋಗಿಯ ಮೈಗೆ ಹೋಗುವುದು ಬರೆದ ಡೋಸಿನ ಎರಡೂವರೆ ಪಟ್ಟು. ಈ ಲೆಕ್ಕವನ್ನು ಪಕ್ಕದವರ ಹಾಳೆ ನೋಡಿ ಬರೆದು ಪಾಸಾದವರು ನಾಳೆ ರಾತ್ರಿ ಪಾಳಿಯಲ್ಲಿ ಒಬ್ಬರೇ ವಾರ್ಡು ನೋಡಿಕೊಳ್ಳಬೇಕು. ನರ್ಸಿಂಗ್, ಫಾರ್ಮಸಿ, ಎಂಜಿನಿಯರಿಂಗ್ ಪರೀಕ್ಷೆಗಳಲ್ಲಿ ಕಾಪಿ ಹೊಡೆಯುವುದನ್ನು ‘ಹುಡುಗಾಟ’ ಎಂದು ಬಿಡಲಾಗದಿರುವುದು ಇದಕ್ಕೇ.

ಆದರೆ ಹಿಡಿದ ಪ್ರಕರಣಗಳಲ್ಲಿ ಎಷ್ಟೋ ವಿಚಾರಣಾ ಸಮಿತಿಯ ಮುಂದೆ ನಿಲ್ಲುವುದಿಲ್ಲ. ಚೀಟಿ ಇರುತ್ತದೆ, ಅದರ ಮೇಲೆ ಯಾರ ಸಹಿಯೂ ಇರುವುದಿಲ್ಲ. ಸಹಿ ಇದ್ದರೆ ಸಮಯ ಬರೆದಿರುವುದಿಲ್ಲ. ಸಿಸಿಟಿವಿ ಕೇಳುವ ಹೊತ್ತಿಗೆ ದೃಶ್ಯ ಅಳಿಸಿಹೋಗಿರುತ್ತದೆ. ಇನ್ನೊಂದು ಕಡೆ, ಹಿಂದಿನ ದಿನ ಯಾರೋ ಡೆಸ್ಕಿನ ಮೇಲೆ ಗೀಚಿದ ಸೂತ್ರಕ್ಕೆ ಇವತ್ತು ಅಲ್ಲಿ ಕೂತ ಹುಡುಗಿ ಒಂದು ವರ್ಷ ಕಳೆದುಕೊಳ್ಳುತ್ತಾಳೆ. ಎರಡಕ್ಕೂ ಕಾರಣ ಒಂದೇ, ಕೊಠಡಿಯಲ್ಲಿ ಆಗಬೇಕಾದ ಬರವಣಿಗೆ ಆಗಲಿಲ್ಲ. ಪ್ರಾಂಶುಪಾಲರು, ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರು, ಕೊಠಡಿ ಮೇಲ್ವಿಚಾರಕರು ಹಂತ ಹಂತವಾಗಿ ಏನು ಮಾಡಬೇಕು ಎಂಬುದು ಮುಂದಿದೆ. ನಿಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ನಿಯಮಾವಳಿಯ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ. ಎಲ್ಲಿ ಭಿನ್ನವಿದೆಯೋ ಅಲ್ಲಿ ನಿಯಮಾವಳಿಯದೇ ಕೊನೆಯ ಮಾತು.

ಹಿಂದಿನ ಸಂಜೆಯ ಕೆಲಸ

ಮೊದಲು ಆಸನ ವ್ಯವಸ್ಥೆ. ಮಧ್ಯಪ್ರದೇಶದಲ್ಲಿ ಪ್ರವೇಶ, ನೇಮಕಾತಿ ಪರೀಕ್ಷೆಗಳನ್ನು ನಡೆಸುತ್ತಿದ್ದ ವ್ಯಾಪಂ ಮಂಡಳಿಯ ಹಗರಣದಲ್ಲಿ ‘ಇಂಜಿನ್–ಬೋಗಿ’ ಎಂಬ ಪದ್ಧತಿ ಇತ್ತು. ಚೆನ್ನಾಗಿ ಓದಿದ ಒಬ್ಬ ಬಾಡಿಗೆಯವನು ಇಂಜಿನ್, ಹಣ ಕೊಟ್ಟವರು ಅವನ ಹಿಂದೆ ಬೋಗಿಗಳು. ನೋಂದಣಿ ಸಂಖ್ಯೆಗಳು ಒಂದರ ಹಿಂದೊಂದು ಬರುವಂತೆ ಒಳಗಿನವರೇ ನೋಡಿಕೊಂಡಿದ್ದರು. 2013ರಲ್ಲಿ ಬಯಲಾದ ಆ ಹಗರಣದ ಫಲವಾಗಿ 2017ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 634 ವೈದ್ಯಕೀಯ ವಿದ್ಯಾರ್ಥಿಗಳ ಪ್ರವೇಶ ರದ್ದತಿಯನ್ನು ಎತ್ತಿಹಿಡಿಯಿತು. ಯಾರ ಪಕ್ಕ ಯಾರು ಎಂಬುದು ಮುಂಚೆಯೇ ಗೊತ್ತಿದ್ದರೆ ಉಳಿದ ಎಲ್ಲ ಭದ್ರತೆಯೂ ಅರ್ಧಕ್ಕಿಳಿದಂತೆ.

ಹಾಗಾಗಿ ನೋಂದಣಿ ಸಂಖ್ಯೆಯ ಸಾಲಿನಂತೆ ಕೂರಿಸಬೇಡಿ. ಒಂದೇ ಹೊತ್ತಿಗೆ ಎರಡು ವಿಷಯಗಳ ಪರೀಕ್ಷೆ ಇದ್ದರೆ ಒಂದು ಸಾಲು ಬಿಟ್ಟು ಒಂದು ಸಾಲು ಬೆರೆಸಿ. ಒಂದೇ ವಿಷಯವಾದರೆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಕಲಸಿ. ಪ್ರತಿ ದಿನವೂ ಹೊಸ ಪಟ್ಟಿ ಬೇಕು. ಹಿಂದಿನ ಸಂಜೆ ಇಬ್ಬರು ಮಾತ್ರ ಕೂತು ತಯಾರಿಸಿ, ಲಕೋಟೆಯಲ್ಲಿಟ್ಟು, ಪರೀಕ್ಷೆಗೆ ಅರ್ಧ ಗಂಟೆ ಮೊದಲು ಬೋರ್ಡಿಗೆ ಹಾಕಿ. ಸಹಿ ಮಾಡಿದ ಒಂದು ಪ್ರತಿ ಕಡತದಲ್ಲಿರಲಿ. ಮುಂದೆ ಯಾವುದಾದರೂ ಪ್ರಕರಣ ಎದ್ದರೆ ವಿಚಾರಣೆಗೆ ಮೊದಲು ಬೇಕಾಗುವ ಕಾಗದ ಅದೇ. ಬೆಂಚಿಗೊಬ್ಬರು, ತಲೆಯಿಂದ ತಲೆಗೆ ನಾಲ್ಕು ಅಡಿಯಾದರೂ ಅಂತರ. ಜಾಗ ಸಾಲದಿದ್ದರೆ ಇನ್ನೊಂದು ಕೊಠಡಿ ತೆರೆಯಿರಿ, ಅಂತರ ಕಡಿಮೆ ಮಾಡಬೇಡಿ.

ಡೆಸ್ಕುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ಅಳಿಸದ ಗೀಚು ಇದ್ದರೆ ಡೆಸ್ಕನ್ನೇ ಬದಲಿಸಿ, ಇಲ್ಲವೇ ಅದರ ಫೋಟೋ ತೆಗೆದು ‘ಮುಂಚೆಯೇ ಇತ್ತು’ ಎಂದು ಕೊಠಡಿ ಪುಸ್ತಕದಲ್ಲಿ ಬರೆಯಿರಿ. ಗೋಡೆ, ಕಿಟಕಿಯ ಅಂಚು, ಫ್ಯಾನಿನ ಸ್ವಿಚ್ ಬೋರ್ಡಿನ ಸುತ್ತ ನೋಡಿ. ಶೌಚಾಲಯದಲ್ಲಿ ಫ್ಲಶ್ ಟ್ಯಾಂಕಿನ ಮುಚ್ಚಳ ಎತ್ತಿ, ವೆಂಟಿಲೇಟರ್ ಕಟ್ಟೆ ತಡವಿ, ಕಸದ ಬುಟ್ಟಿ ಖಾಲಿ ಮಾಡಿಸಿ. ಮೈಕ್ರೋ ಜೆರಾಕ್ಸ್ (ಅಕ್ಷರ ಕುಗ್ಗಿಸಿ ತೆಗೆದ ನಕಲು) ಕಟ್ಟುಗಳು ಹೆಚ್ಚಾಗಿ ಸಿಗುವುದು ಅಲ್ಲಿ, ಕೊಠಡಿಯಲ್ಲಲ್ಲ. ಪರೀಕ್ಷೆಯ ಮಧ್ಯದಲ್ಲಿ ಇನ್ನೊಮ್ಮೆ ನೋಡಿ.

ಸಿವಿಲ್, ಮೆಕ್ಯಾನಿಕಲ್ ಪರೀಕ್ಷೆಗಳಿಗೆ ಇನ್ನೊಂದು ಕೆಲಸ ಇದೆ. ಕಾಂಕ್ರೀಟ್, ಉಕ್ಕಿನ ವಿನ್ಯಾಸದ ಐಎಸ್ 456, ಐಎಸ್ 800 ಕೋಡ್ ಪುಸ್ತಕ, ಡಿಸೈನ್ ಡೇಟಾ ಹ್ಯಾಂಡ್‌ಬುಕ್, ಸ್ಟೀಮ್ ಟೇಬಲ್‌ಗಳಿಗೆ ಒಳಗೆ ಅನುಮತಿ ಇರುತ್ತದೆ. ಪೆನ್ಸಿಲಿನಲ್ಲಿ ತೆಳ್ಳಗೆ ಬರೆದ ಲೆಕ್ಕಗಳು ಇರುವುದೂ ಅಲ್ಲೇ, ನಡುಪುಟಗಳ ಅಂಚಿನಲ್ಲಿ. ಮುಚ್ಚಿದ ಪುಸ್ತಕದ ಬದಿಯನ್ನು ಬೆಳಕಿಗೆ ಹಿಡಿದರೆ ಮತ್ತೆ ಮತ್ತೆ ತೆರೆದ ಪುಟಗಳ ಅಂಚು ಮಾಸಿರುವುದು ಕಾಣುತ್ತದೆ, ಆ ಜಾಗದಲ್ಲಿ ತೆರೆಯಿರಿ. ಕಾಲೇಜಿನ ಮುದ್ರೆ ಒತ್ತಿದ ಪ್ರತಿಗಳನ್ನು ಗ್ರಂಥಾಲಯದಿಂದಲೇ ಹಂಚುವುದು ಎಲ್ಲಕ್ಕಿಂತ ಒಳ್ಳೆಯದು. 40 ಪ್ರತಿಗಳಿಗೆ ಮಾಡುವ ಖರ್ಚು ಒಂದೇ ಸಲದ್ದು.

ಪ್ರಶ್ನೆಪತ್ರಿಕೆ ಆನ್‌ಲೈನ್‌ನಲ್ಲಿ ಬಂದು ಕೇಂದ್ರದಲ್ಲೇ ಪ್ರಿಂಟ್ ಆಗುವ ಕಡೆ ಸೋರುವ ಜಾಗ ಪ್ರಿಂಟಿಂಗ್ ಕೋಣೆ. ಒಳಗೆ ಹೋಗುವವರ ಮೊಬೈಲ್ ಹೊರಗಿರಲಿ. ಎಷ್ಟು ಪ್ರತಿ ಪ್ರಿಂಟಾಯಿತು, ಎಷ್ಟು ಹಾಳಾಯಿತು, ಎಷ್ಟು ಹಂಚಿದಿರಿ, ಎಷ್ಟು ಉಳಿಯಿತು, ಈ ನಾಲ್ಕು ಅಂಕಿ ತಾಳೆಯಾಗಬೇಕು. ಹಾಳಾದ ಪ್ರತಿಯನ್ನು ಹರಿದು ಬುಟ್ಟಿಗೆ ಹಾಕಬೇಡಿ, ಎಣಿಸಿ ಲಕೋಟೆಯಲ್ಲಿಡಿ. ಕಾಗದ ಸಿಕ್ಕಿಕೊಂಡು ನಿಂತ ಪ್ರಿಂಟರ್, ಆಮೇಲೆ ಆನ್ ಮಾಡಿದಾಗ ಬಾಕಿ ಪುಟಗಳನ್ನು ತಾನಾಗಿ ಉಗುಳುವುದುಂಟು. ಪರೀಕ್ಷೆ ಶುರುವಾಗುವ ಮುಂಚೆ ಪ್ರಿಂಟ್ ಕ್ಯೂ ಖಾಲಿ ಮಾಡಿಸಿ, ಪ್ರಿಂಟರ್ ಆಫ್ ಮಾಡಿಸಿ.

ಗೇಟಿನಲ್ಲಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ 2023ರ ಅಕ್ಟೋಬರ್ ಕೊನೆಯಲ್ಲಿ ನಿಗಮ–ಮಂಡಳಿಗಳಿಗೆ ನಡೆಸಿದ ನೇಮಕಾತಿ ಪರೀಕ್ಷೆಯಲ್ಲಿ ಕಲಬುರಗಿ, ಯಾದಗಿರಿಯ ಕೇಂದ್ರಗಳಲ್ಲಿ ಬ್ಲೂಟೂತ್ ಪ್ರಕರಣಗಳು ಸಿಕ್ಕವು. ಈ ಬಗೆಯ ಉಪಕರಣದಲ್ಲಿ ಸಾಮಾನ್ಯವಾಗಿ ಮೂರು ಭಾಗ: ಕಿವಿಯೊಳಗೆ ಇಳಿಯುವ ಕಾಳಿನಷ್ಟು ಇಯರ್‌ಪೀಸ್, ಕುತ್ತಿಗೆ ಸುತ್ತ ಬಟ್ಟೆಯೊಳಗೆ ಬಳಸಿದ ತಂತಿ, ಸಿಮ್ ಹಾಕುವ ಎಟಿಎಂ ಕಾರ್ಡಿನಷ್ಟು ತೆಳು ಪೆಟ್ಟಿಗೆ. ಇಯರ್‌ಪೀಸ್ ಎಷ್ಟು ಚಿಕ್ಕದೆಂದರೆ ಕೈ ಮೆಟಲ್ ಡಿಟೆಕ್ಟರ್ ಅದನ್ನು ತಪ್ಪಿಸಿಬಿಡಬಹುದು. ಪೆಟ್ಟಿಗೆ ತಪ್ಪುವುದು ಕಷ್ಟ. ಆದ್ದರಿಂದ ಡಿಟೆಕ್ಟರನ್ನು ತಲೆಯ ಸುತ್ತ ಆಡಿಸುವುದಕ್ಕಿಂತ ಕಾಲರ್, ಕಂಕುಳು, ಸೊಂಟ, ಕಾಲುಚೀಲದ ಹತ್ತಿರ ನಿಧಾನವಾಗಿ ಆಡಿಸಿ. ಕಿವಿಗೆ ಟಾರ್ಚ್ ಸಾಕು.

ತಪಾಸಣೆಗೆ ಮಿತಿಯಿದೆ. ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ, ಪರದೆಯ ಮರೆಯಲ್ಲಿ ತಪಾಸಣೆ ಮಾಡಬೇಕು. ಬಟ್ಟೆ ಬಿಚ್ಚಿಸುವುದು, ಕತ್ತರಿಸುವುದು ಯಾವ ಕಾರಣಕ್ಕೂ ಸಲ್ಲದು. ಬ್ಲೂಟೂತ್ ಪ್ರಕರಣದ ಬಳಿಕ ಪ್ರಾಧಿಕಾರ ವಸ್ತ್ರಸಂಹಿತೆ ಬಿಗಿ ಮಾಡಿತು, ಆದರೆ ಮಂಗಳಸೂತ್ರ, ಕಾಲುಂಗುರಕ್ಕೆ ವಿನಾಯಿತಿ ಕೊಟ್ಟಿತು. 2025ರ ಏಪ್ರಿಲ್‌ನ ಸಿಇಟಿಯಲ್ಲಿ ಶಿವಮೊಗ್ಗ, ಬೀದರ್‌ನ ಕೇಂದ್ರಗಳಲ್ಲಿ ಜನಿವಾರ ತೆಗೆಯಲು ಹೇಳಿದ್ದು ದೊಡ್ಡ ವಿವಾದವಾಗಿ ಸಿಬ್ಬಂದಿ ಅಮಾನತಾದರು, ಬೀದರ್‌ನ ವಿದ್ಯಾರ್ಥಿಯೊಬ್ಬನಿಗೆ ಗಣಿತ ಪರೀಕ್ಷೆಯನ್ನೇ ಬರೆಯಲಾಗಲಿಲ್ಲ. ನಿಯಮದಲ್ಲಿ ಬರೆದಿರದ ಯಾವುದನ್ನೂ ಗೇಟಿನಲ್ಲಿ ಹೊಸದಾಗಿ ನಿಷೇಧಿಸಬೇಡಿ. ಏನು ತರಬಾರದು ಎಂಬ ಪಟ್ಟಿಯನ್ನು ವಾರ ಮೊದಲೇ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಕೊಡಿ. ತಂದವರು ಇಟ್ಟುಹೋಗಲು ಟೋಕನ್ ಹಾಕಿದ ಜಾಗ ಇರಲಿ. ಮೊಬೈಲ್ ಇಡಲು ಜಾಗವಿಲ್ಲದ ಕೇಂದ್ರದಲ್ಲಿ ಮೊಬೈಲ್ ಒಳಗೆ ಬಂದೇ ಬರುತ್ತದೆ.

ಕೊಠಡಿಯೊಳಗೆ

ಪ್ರವೇಶ ಪತ್ರದ ಫೋಟೋ ನೋಡುವಾಗ ಕೂದಲು, ಗಡ್ಡ ನೋಡಬೇಡಿ, ಅವು ಬದಲಾಗುತ್ತವೆ. ಕಿವಿಯ ಆಕಾರ, ಹುಬ್ಬುಗಳ ನಡುವಿನ ಅಂತರ, ಮಚ್ಚೆ ನೋಡಿ. ಸಹಿಯನ್ನು ಹಾಜರಿ ಹಾಳೆಯಲ್ಲಿ ನಿಮ್ಮೆದುರೇ ಮಾಡಿಸಿ. ಅನುಮಾನ ಬಂದರೆ ತಂದೆಯ ಹೆಸರು, ಹುಟ್ಟಿದ ದಿನ, ಹಿಂದಿನ ಸೆಮಿಸ್ಟರಿನ ಒಂದು ವಿಷಯ ಕೇಳಿ. ಬೇರೆಯವರ ಬದಲು ಬಂದವರು ಜನ್ಮದಿನ ಬಾಯಿಪಾಠ ಮಾಡಿರುತ್ತಾರೆ, ಮೂರನೆಯ ಪ್ರಶ್ನೆಗೆ ತಡವರಿಸುತ್ತಾರೆ.

ಮೇಲ್ವಿಚಾರಕರು ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಎಲ್ಲರಿಗೂ ಅವರು ಎತ್ತ ನೋಡುತ್ತಿದ್ದಾರೆಂದು ಗೊತ್ತಿರುತ್ತದೆ. ಹಿಂದೆ ನಿಲ್ಲಿ. ಮೊದಲ ಅರ್ಧ ಗಂಟೆಯಲ್ಲಿ ಏನೂ ಬರೆಯದೆ ಕೂತವರನ್ನು, ಕೊನೆಯ ಕಾಲು ಗಂಟೆಯಲ್ಲಿ ಒಮ್ಮೆಲೇ ವೇಗ ಪಡೆದವರನ್ನು ಗಮನಿಸಿ. ಅಡಿಷನಲ್ ಶೀಟ್ ಕೊಟ್ಟಾಗಲೆಲ್ಲ ಅದರ ಸಂಖ್ಯೆ ಬರೆದುಕೊಳ್ಳಿ. ಶೌಚಾಲಯಕ್ಕೆ ಹೋದವರ ಹೆಸರು, ಹೋದ ಹೊತ್ತು, ಬಂದ ಹೊತ್ತು ಒಂದು ಪುಸ್ತಕದಲ್ಲಿರಲಿ, ಆಗ ಉತ್ತರಪತ್ರಿಕೆ ಮೇಜಿನ ಮೇಲೇ ಇರಲಿ. ಮುಗಿದ ಮೇಲೆ ಖಾಲಿ ಪುಟಗಳಿಗೆ ಅಡ್ಡಗೆರೆ ಎಳೆಸಿ, ನಿಮ್ಮೆದುರಿಗೇ.

ಈ ಅಡ್ಡಗೆರೆಯ ಬೆಲೆ ಎಷ್ಟೆಂದು ರಾಜ್ಯಕ್ಕೆ ಗೊತ್ತಾದದ್ದು ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ನೇಮಕಾತಿಯಲ್ಲಿ. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಓಎಂಆರ್ ಹಾಳೆಗಳನ್ನು (ವೃತ್ತ ತುಂಬಿ ಉತ್ತರ ಗುರುತಿಸುವ, ಯಂತ್ರ ಓದುವ ಹಾಳೆ) ಖಾಲಿ ಬಿಡಿಸಿ ಆಮೇಲೆ ತುಂಬಿದ ಆರೋಪ ಬಂತು. ಸಿಐಡಿ ತನಿಖೆಯಲ್ಲಿ ಅಭ್ಯರ್ಥಿಗಳ ಬಳಿಯಿದ್ದ ಕಾರ್ಬನ್ ಪ್ರತಿ ಮುಖ್ಯ ಸುಳಿವಾಯಿತು. 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷ ಹೋಯಿತು. ಓಎಂಆರ್ ಇರುವ ಕಡೆ ಎಷ್ಟು ಪ್ರಶ್ನೆಗೆ ಉತ್ತರ ಗುರುತಿಸಲಾಗಿದೆ ಎಂಬುದನ್ನು ಅಭ್ಯರ್ಥಿ ಅಕ್ಷರದಲ್ಲಿ ಬರೆದು ಸಹಿ ಮಾಡುವ ಕಾಲಂ ಹಾಜರಿ ಹಾಳೆಯಲ್ಲಿರಲಿ. ಉತ್ತರಿಸದ ಪ್ರಶ್ನೆಗೆ ಐದನೆಯ ವೃತ್ತ ತುಂಬಿಸುವ ಪದ್ಧತಿಯನ್ನು ಕೆಲವು ನೇಮಕಾತಿ ಸಂಸ್ಥೆಗಳು ತಂದಿರುವುದೂ ಇದೇ ಉದ್ದೇಶಕ್ಕೆ. ವಿದ್ಯಾರ್ಥಿಯ ಚೀಟಿಯಿಂದ ಹಾಳಾಗುವುದು ಒಬ್ಬರ ಫಲಿತಾಂಶ, ಬಂಡಲ್ ಮುಟ್ಟುವ ಸಿಬ್ಬಂದಿಯಿಂದ ಹಾಳಾಗುವುದು ಇಡೀ ಪರೀಕ್ಷೆ. ಬಂಡಲ್ ಕಟ್ಟುವಾಗ, ಸೀಲ್ ಮಾಡುವಾಗ, ಸಾಗಿಸುವಾಗ ಎಲ್ಲೂ ಒಬ್ಬರೇ ಇರಬಾರದು.

ಚೀಟಿ ಸಿಕ್ಕಾಗ

ಇಲ್ಲಿ ಕ್ರಮ ಮುಖ್ಯ. ಹಿಂದುಮುಂದಾದರೆ ಸಾಕ್ಷ್ಯ ಕೆಡುತ್ತದೆ.

1. ಕೂಗಬೇಡಿ, ಬೈಯಬೇಡಿ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ. ಪಕ್ಕದ ಕೊಠಡಿಯ ಮೇಲ್ವಿಚಾರಕರನ್ನೋ ರಿಲೀವರನ್ನೋ ಸಾಕ್ಷಿಗೆ ಕರೆಯಿರಿ.

2. ಚೀಟಿ ಎಲ್ಲಿತ್ತೋ ಅಲ್ಲೇ ಇರುವಾಗ ಎರಡನೆಯವರಿಗೆ ತೋರಿಸಿ: ಉತ್ತರಪತ್ರಿಕೆಯ ಒಳಗೋ, ಅಂಗೈಯಲ್ಲೋ, ಬೆಂಚಿನ ಕೆಳಗೋ. ಕೆಳಗೆ ಬಿದ್ದಿದ್ದರೆ ಯಾರ ಕಾಲಿನಿಂದ ಎಷ್ಟು ದೂರ ಎಂಬುದನ್ನೂ ಬರೆಯಿರಿ. ಬಾಯಿಗೆ ಹಾಕಿಕೊಂಡರೆ ಕಿತ್ತುಕೊಳ್ಳಲು ಹೋಗಬೇಡಿ, ನೋಡಿದ್ದನ್ನು ಬರೆದರೆ ಸಾಕು.

3. ಉತ್ತರಪತ್ರಿಕೆಯಲ್ಲಿ ಕೊನೆಯದಾಗಿ ಬರೆದ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ, ಸಮಯ, ಇಬ್ಬರ ಸಹಿ. ಈ ಗೆರೆ ಇಲ್ಲದಿದ್ದರೆ ಚೀಟಿ ಸಿಗುವ ಮೊದಲು ಏನು ಬರೆದಿದ್ದರು, ಆಮೇಲೆ ಏನು ಬರೆದರು ಎಂದು ಬೇರ್ಪಡಿಸುವುದು ಯಾರಿಂದಲೂ ಆಗುವುದಿಲ್ಲ.

4. ಚೀಟಿಯ ಪ್ರತಿ ತುಂಡಿಗೂ 1/3, 2/3, 3/3 ಎಂದು ಸಂಖ್ಯೆ ಹಾಕಿ. ಹಿಂಬದಿಯ ಖಾಲಿ ಜಾಗದಲ್ಲಿ ನೋಂದಣಿ ಸಂಖ್ಯೆ, ದಿನಾಂಕ, ಸಹಿ. ಬರಹದ ಮೇಲೆ ಬರೆಯಬೇಡಿ. ಕೈ, ಅಂಗೈ ಮೇಲೆ ಬರೆದಿದ್ದರೆ ವಿದ್ಯಾರ್ಥಿಯ ಒಪ್ಪಿಗೆ ಪಡೆದು ಆ ಭಾಗದ ಫೋಟೋ ಮಾತ್ರ, ಮುಖ ಬೇಡ.

5. ಹೊಸ ಉತ್ತರಪತ್ರಿಕೆ ಕೊಟ್ಟು ಪರೀಕ್ಷೆ ಮುಂದುವರಿಸಲು ಬಿಡಬೇಕೆ ಎಂಬುದನ್ನು ನಿಮ್ಮ ನಿಯಮಾವಳಿಯಲ್ಲಿ ನೋಡಿ. ಹಾಗೆ ಬಿಡುವುದೇ ಹೆಚ್ಚಿನ ಕಡೆಯ ಪದ್ಧತಿ. ಒಂದು ವೇಳೆ ಆರೋಪ ಬಿದ್ದುಹೋದರೆ ಆ ಎರಡನೆಯ ಪತ್ರಿಕೆಯೇ ವಿದ್ಯಾರ್ಥಿಗೆ ಉಳಿಯುವ ಆಧಾರ.

6. ಹೇಳಿಕೆ ವಿದ್ಯಾರ್ಥಿಯದೇ ಕೈಬರಹದಲ್ಲಿ, ಅವರಿಗೆ ಬರುವ ಭಾಷೆಯಲ್ಲಿರಲಿ. ‘ನಾನು ತಪ್ಪು ಮಾಡಿದ್ದೇನೆ, ಕ್ಷಮಿಸಿ’ ಎಂದು ಆಫೀಸಿನವರು ಬರೆಸಿದ ಹೇಳಿಕೆಗಳು ಎಲ್ಲ ಕಡತಗಳಲ್ಲೂ ಒಂದೇ ತರಹ ಇರುತ್ತವೆ, ಸಮಿತಿಯ ಮುಂದೆ ಅವಕ್ಕೆ ತೂಕವಿಲ್ಲ. ‘ನನ್ನದಲ್ಲ’ ಎಂದರೆ ಅದನ್ನೇ ಬರೆಯಲಿ. ಬರೆಯಲ್ಲ ಎಂದರೆ ‘ನಿರಾಕರಿಸಿದರು’ ಎಂದು ಇಬ್ಬರು ಸಾಕ್ಷಿಗಳು ಸಹಿ ಮಾಡಿ.

7. ಎಲ್ಲವನ್ನೂ ಲಕೋಟೆಗೆ ಹಾಕಿ, ಅಂಟಿಸಿದ ಜಾಗದ ಮೇಲೆ ಹಾದುಹೋಗುವಂತೆ ಮೂವರ ಸಹಿ, ಮೇಲೆ ಅರಗು. ಯಾರು ಯಾರಿಗೆ ಎಷ್ಟು ಹೊತ್ತಿಗೆ ಕೊಟ್ಟರು ಎಂಬ ಪಟ್ಟಿ ಲಕೋಟೆಯ ಮೇಲೇ ಇರಲಿ.

ಇನ್ನೊಂದು ಕೆಲಸ, ಇದನ್ನು ಯಾರೂ ಹಗುರವಾಗಿ ನೋಡಬಾರದು. ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಒಂಟಿಯಾಗಿ ಮನೆಗೋ ಹಾಸ್ಟೆಲಿಗೋ ಕಳಿಸಬೇಡಿ. ಅವಮಾನದ ಆ ಕೆಲವು ಗಂಟೆಗಳಲ್ಲಿ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ಅವರಿಗೆ ಹತ್ತಿರದ ಒಬ್ಬ ಅಧ್ಯಾಪಕರನ್ನು ಜತೆಗೆ ಕೂರಿಸಿ, ಮನೆಯವರಿಗೆ ನೀವೇ ಫೋನ್ ಮಾಡಿ, ‘ವಿಚಾರಣೆ ಇದೆ, ಅವರ ಮಾತು ಕೇಳುತ್ತೇವೆ, ಇನ್ನೂ ಏನೂ ತೀರ್ಮಾನವಾಗಿಲ್ಲ’ ಎಂದು ಹೇಳಿ. ಹಾಸ್ಟೆಲ್ ವಾರ್ಡನ್‌ಗೆ ತಿಳಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ದಿನವಿಡೀ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಸಂಖ್ಯೆಯನ್ನು ಕಾಗದದಲ್ಲಿ ಬರೆದುಕೊಡಿ. ಚೀಟಿಯ ಫೋಟೋ, ವಿದ್ಯಾರ್ಥಿಯ ಹೆಸರು ಯಾವ ವಾಟ್ಸಾಪ್ ಗುಂಪಿಗೂ ಹೋಗಕೂಡದು, ಸಿಬ್ಬಂದಿಯ ಗುಂಪಿಗೂ.

ಮೊಬೈಲ್, ಸಿಸಿಟಿವಿ

ಮೊಬೈಲ್ ಸಿಕ್ಕರೆ ತೆರೆದು ನೋಡುವ ಕುತೂಹಲ ಎಲ್ಲರಿಗೂ ಬರುತ್ತದೆ. ನೋಡಬೇಡಿ. ಪಾಸ್‌ವರ್ಡ್ ಕೇಳುವ ಅಧಿಕಾರ ನಿಮಗಿಲ್ಲ. ನೀವು ತೆರೆದರೆ ಒಳಗಿನದನ್ನು ಯಾರು ಬದಲಿಸಿದರು ಎಂಬ ಪ್ರಶ್ನೆ ಹುಟ್ಟುತ್ತದೆ. ಆಫ್ ಆಗಿದ್ದರೆ ಆಫ್ ಆಗಿಯೇ ಇರಲಿ. ಆನ್ ಇದ್ದು ಪರದೆಯ ಮೇಲೆ ಉತ್ತರ ಕಾಣುತ್ತಿದ್ದರೆ ಇದ್ದ ಹಾಗೇ ಫೋಟೋ ತೆಗೆದು, ವಿದ್ಯಾರ್ಥಿಯ ಕೈಯಿಂದಲೇ ಫ್ಲೈಟ್ ಮೋಡ್‌ಗೆ ಹಾಕಿಸಿ, ಲಕೋಟೆಯಲ್ಲಿ ಸೀಲ್ ಮಾಡಿ. ಫ್ಲೈಟ್ ಮೋಡ್‌ಗೆ ಹಾಕಿದ್ದನ್ನೂ ದಾಖಲಿಸಿ. ಹೊರಗಿನವರು ದೂರದಿಂದಲೇ ಅಳಿಸುವುದನ್ನು ತಡೆಯಲು ಇಷ್ಟು ಬೇಕು.

ಸಿಸಿಟಿವಿ ದೃಶ್ಯ ಉಳಿಸುವ ಪೆಟ್ಟಿಗೆ, ಅಂದರೆ ಡಿವಿಆರ್, ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಎಷ್ಟೋ ಕಾಲೇಜುಗಳಲ್ಲಿ ಎರಡು ಮೂರು ವಾರಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಹಾಗಾಗಿ ಅದೇ ದಿನ ಪ್ರತಿ ತೆಗೆಯಿರಿ: ಘಟನೆಯ ನಿಮಿಷವಷ್ಟೇ ಅಲ್ಲ, ವಿದ್ಯಾರ್ಥಿ ಒಳಗೆ ಬಂದಾಗಿನಿಂದ ಹೋಗುವವರೆಗೆ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಮುಂದೆ ಅಥವಾ ಹಿಂದೆ ಇದೆ ಎಂದು ಬರೆಯಿರಿ. ಕೊಠಡಿ ಪುಸ್ತಕದಲ್ಲಿ 10:42, ದೃಶ್ಯದಲ್ಲಿ 10:31 ಇದ್ದರೆ ವಕೀಲರು ಹಿಡಿಯುವುದು ಅದನ್ನೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಂ ಪ್ರಕಾರ ಕೋರ್ಟಿಗೆ ಕೊಡುವ ಡಿಜಿಟಲ್ ದಾಖಲೆಯ ಜತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಷ್ ಮೌಲ್ಯವನ್ನೂ (ಫೈಲ್ ಸ್ವಲ್ಪ ಬದಲಾದರೂ ಬದಲಾಗುವ, ಕಂಪ್ಯೂಟರ್ ಲೆಕ್ಕಹಾಕುವ ಗುರುತು) ನಮೂದಿಸಬೇಕು. ಪ್ರತಿ ತೆಗೆದ ದಿನವೇ ಕಂಪ್ಯೂಟರ್ ವಿಭಾಗದವರಿಂದ ಹ್ಯಾಷ್ ತೆಗೆಸಿ ಬರೆದಿಡಿ, ಆಮೇಲೆ ಪೇಚಾಟ ಇರುವುದಿಲ್ಲ.

ಹಾಳೆ ನೋಡಿ ಬರೆದರೇ ಎಂದು ತಿಳಿಯುವುದು

ಇಬ್ಬರ ಸರಿ ಉತ್ತರಗಳು ಒಂದೇ ಆಗಿದ್ದರೆ ಏನೂ ಸಾಬೀತಾಗದು, ಸರಿ ಉತ್ತರ ಇರುವುದೇ ಒಂದು. ತಪ್ಪುಗಳನ್ನು ನೋಡಿ. 100 ಪ್ರಶ್ನೆ, ತಲಾ ನಾಲ್ಕು ಆಯ್ಕೆಯ ಪತ್ರಿಕೆಯಲ್ಲಿ ಇಬ್ಬರೂ ಅದೇ 30 ಪ್ರಶ್ನೆಗಳನ್ನು ತಪ್ಪು ಮಾಡಿದ್ದಾರೆ ಅನ್ನಿ. ತಪ್ಪು ಆಯ್ಕೆ ಮೂರು, ಆಕಸ್ಮಿಕವಾಗಿ ಹೊಂದುವುದು ಸುಮಾರು 10. ಕೆಲವು ತಪ್ಪು ಆಯ್ಕೆಗಳು ಎಲ್ಲರನ್ನೂ ಸೆಳೆಯುತ್ತವೆ, ಆದ್ದರಿಂದ 15 ಹೊಂದಿದರೂ ಆಶ್ಚರ್ಯವಿಲ್ಲ. 28 ಹೊಂದಿದರೆ ಕೇಳಲೇಬೇಕಾದ ಪ್ರಶ್ನೆ ಇದೆ.

ಆದರೂ ಅಷ್ಟಕ್ಕೇ ನಿಲ್ಲಬೇಡಿ. ಒಂದೇ ಉಪನ್ಯಾಸಕರು ತಪ್ಪು ಹೇಳಿಕೊಟ್ಟಿದ್ದರೆ ಇಡೀ ತರಗತಿ ಅದೇ ತಪ್ಪು ಬರೆಯುತ್ತದೆ. ಅದೇ ತರಗತಿಯವರಾಗಿದ್ದು ಬೇರೆ ಕೊಠಡಿಗಳಲ್ಲಿ ಕೂತ ಹತ್ತಿಪ್ಪತ್ತು ಜೋಡಿಗಳನ್ನು ಹೋಲಿಸಿ. ಅವರದು 14–15, ಅಕ್ಕಪಕ್ಕ ಕೂತ ಈ ಜೋಡಿಯದು ಮಾತ್ರ 28 ಎಂದಾದರೆ ಆಗ ಆಸನ ಪಟ್ಟಿ ತೆಗೆಯಿರಿ. ಪತ್ರಿಕೆಗೆ ಎ, ಬಿ, ಸಿ, ಡಿ ಶ್ರೇಣಿ (ಪ್ರಶ್ನೆಗಳ ಕ್ರಮ ಬದಲಿಸಿದ ಆವೃತ್ತಿಗಳು) ಇದ್ದರೆ ಇನ್ನೂ ಸುಲಭ. ಬಿ ಶ್ರೇಣಿಯವರ ಹಾಳೆಯನ್ನು ಪಕ್ಕದವರ ಎ ಶ್ರೇಣಿಯ ಕೀ ಉತ್ತರದಿಂದ ತಿದ್ದಿ ನೋಡಿ. ತನ್ನ ಕೀಯಲ್ಲಿ 22, ಪಕ್ಕದವರ ಕೀಯಲ್ಲಿ 81 ಬಂದರೆ ಬೇರೆ ವಿವರಣೆ ಸಿಗುವುದು ಕಷ್ಟ. ಶ್ರೇಣಿಯ ವೃತ್ತವನ್ನೇ ತಪ್ಪಾಗಿ ತುಂಬಿದ್ದಾರೆಯೇ ಎಂದು ಮೊದಲು ನೋಡಿ, ಹಾಗಾಗಿದ್ದರೆ ಅದು ಬರೀ ಕೈತಪ್ಪು.

ವಿವರಣಾತ್ಮಕ ಉತ್ತರವಾದರೆ ಕಾಗುಣಿತದ ತಪ್ಪು, ಬಿಟ್ಟುಹೋದ ಸಾಲು, ಚಿತ್ರದಲ್ಲಿ ಅದಲುಬದಲಾದ ಹೆಸರು, ಲೆಕ್ಕದ ನಡುವಿನ ಒಂದೇ ತಪ್ಪು ಹೆಜ್ಜೆ ಇವನ್ನು ಹುಡುಕಿ. ಯಾರು ಯಾರನ್ನು ನೋಡಿ ಬರೆದರು ಎಂಬುದು ಬೇರೆ ಪ್ರಶ್ನೆ. ತೋರಿಸದವರಿಗೂ ಶಿಕ್ಷೆ ಕೊಟ್ಟುಬಿಡುವ ಅಪಾಯ ಇಲ್ಲೇ ಇರುವುದು.

ಲಾಗ್‌ಬುಕ್: ಯಾರೂ ನೋಡದ ಅಕ್ರಮ

ಪರೀಕ್ಷೆಯ ಚೀಟಿಗಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಬೇಕಾದದ್ದು ಲಾಗ್‌ಬುಕ್, ಅಂದರೆ ಆಸ್ಪತ್ರೆಯಲ್ಲಿ ಮಾಡಿದ ಕೆಲಸವನ್ನು ವಿದ್ಯಾರ್ಥಿ ದಾಖಲಿಸುವ ಪುಸ್ತಕ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪದವಿ ಸಿಗಬೇಕಾದರೆ ಕ್ಲಿನಿಕಲ್ (ಆಸ್ಪತ್ರೆಯ ತರಬೇತಿಯ) ಹಾಜರಿ ಪೂರ್ತಿ ನೂರಕ್ಕೆ ನೂರು ಇರಬೇಕೆಂಬ ನಿಯಮವಿದೆ, ಅದಕ್ಕೆ ಕಾರಣವೂ ಇದೆ. ಆದರೆ ಕೊನೆಯ ವಾರ ಹಾಸ್ಟೆಲಿನಲ್ಲಿ ಕೂತು ಇಡೀ ವರ್ಷದ ಕೇಸ್ ಶೀಟ್ ತುಂಬುವುದು ಹಲವು ಕಡೆ ರೂಢಿಯಾಗಿಬಿಟ್ಟಿದೆ.

ಮೊದಲು ನಿಮ್ಮದೇ ಲೆಕ್ಕ ಹಾಕಿ. ತರಗತಿಯಲ್ಲಿ 60 ಜನ, ತಲಾ 10 ಹೆರಿಗೆ ಮಾಡಿಸಬೇಕು ಎಂದಿಟ್ಟುಕೊಳ್ಳಿ, ಒಟ್ಟು 600. ಕಳಿಸುವ ಆಸ್ಪತ್ರೆಯಲ್ಲಿ ತಿಂಗಳಿಗೆ 25 ಸಹಜ ಹೆರಿಗೆಯಾದರೆ ವರ್ಷಕ್ಕೆ 300. ಅರ್ಧದಷ್ಟು ಬರಹ ಸುಳ್ಳಾಗುವುದು ಆಗಲೇ ನಿಶ್ಚಯವಾಯಿತು, ಅದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಇನ್ನೊಂದು ಆಸ್ಪತ್ರೆಯ ಜತೆ ಒಪ್ಪಂದ ಮಾಡಿಕೊಳ್ಳಿ, ಪಾಳಿ ಬದಲಿಸಿ. ಹೆರಿಗೆಗಳು ರಾತ್ರಿಯೂ ಆಗುತ್ತವೆ.

ಆಮೇಲೆ ಪುಸ್ತಕ ತೆರೆಯಿರಿ. ಪಾದರಸದ ಅಥವಾ ಡಯಲಿನ ಬಿಪಿ ಉಪಕರಣದಲ್ಲಿ ಗೆರೆಗಳು ಎರಡೆರಡು ಮಿಲಿಮೀಟರಿಗೆ ಇರುತ್ತವೆ, ಆದ್ದರಿಂದ ಓದು ಸರಿಸಂಖ್ಯೆಯಲ್ಲೇ ಬರಬೇಕು. ಆ ವಾರ್ಡಿನಲ್ಲಿ ಇರುವುದು ಡಯಲಿನ ಉಪಕರಣ, ಪುಸ್ತಕದಲ್ಲಿ 117/83 ಎಂದಿದ್ದರೆ ಆ ಅಂಕಿ ಉಪಕರಣದಿಂದ ಬಂದದ್ದಲ್ಲ. ನಾಡಿಬಡಿತವನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದವರ ಪುಸ್ತಕದಲ್ಲಿ 72, 76, 80, 84 ಹೀಗೆ ನಾಲ್ಕರ ಮಗ್ಗಿಯೇ ಇರುತ್ತದೆ. ಇದು ಸುಳ್ಳಲ್ಲ, ಕಲಿಕೆಯ ಕೊರತೆ. ಪೂರ್ತಿ ನಿಮಿಷ ಎಣಿಸುವುದನ್ನು ಕಲಿಸಿ. ಎಲ್ಲ ರೋಗಿಗಳಿಗೂ ಉಷ್ಣತೆ 98.6, ಬಿಪಿ 120/80 ಇದ್ದರೆ ಮಾತ್ರ ಅದು ಹಾಸ್ಟೆಲಿನಲ್ಲಿ ಹುಟ್ಟಿದ ವಾರ್ಡು.

ಅನುಮಾನ ಬಂದ ಪುಸ್ತಕದಿಂದ ಐದು ದಾಖಲೆ ಆರಿಸಿ, ಒಳರೋಗಿ ಸಂಖ್ಯೆಯನ್ನು ಹೆರಿಗೆ ಕೋಣೆಯ ರಿಜಿಸ್ಟರಿನೊಂದಿಗೆ ತಾಳೆ ನೋಡಿ. ಒಂದೇ ಹೆರಿಗೆಯನ್ನು ನಾಲ್ವರು ‘ನಾನು ಮಾಡಿಸಿದೆ’ ಎಂದು ಬರೆದಿದ್ದಾರೆಯೇ? ಆ ದಿನ ವಿದ್ಯಾರ್ಥಿ ರಜೆಯಲ್ಲಿದ್ದರೇ? ಮೂರು ತಿಂಗಳ ಬರಹ ಒಂದೇ ಪೆನ್ನಿನಲ್ಲಿ, ಒಂದೇ ಒತ್ತಿನಲ್ಲಿದೆಯೇ? ಸಹಿ ಮಾಡಿದ ಸಿಸ್ಟರ್ ಆ ಪಾಳಿಯಲ್ಲಿದ್ದರೇ? ರೋಗಿಯ ಹೆಸರನ್ನು ವಿಚಾರಣೆಯ ಕಡತಕ್ಕೆ ತರಬೇಡಿ, ಸಂಖ್ಯೆ ಸಾಕು. ತಡೆಯುವ ದಾರಿ ಸರಳ: ಪುಟಸಂಖ್ಯೆ ಮುದ್ರಿಸಿದ ಪುಸ್ತಕ, ಅದೇ ಪಾಳಿಯೊಳಗೆ ಸಹಿ, ಮರುದಿನದ ಸಹಿಗೆ ಅವಕಾಶವಿಲ್ಲ.

ವಿಚಾರಣೆ

ಹಿಡಿದವರು ತೀರ್ಪು ಕೊಡುವ ಸಮಿತಿಯಲ್ಲಿರಬಾರದು. ಅವರು ಸಾಕ್ಷಿ, ಅಷ್ಟೇ. ಮೂವರು ಸಾಕು, ಒಬ್ಬರಾದರೂ ಹೊರಗಿನ ವಿಭಾಗದವರು, ವಿದ್ಯಾರ್ಥಿನಿಯ ಪ್ರಕರಣವಾದರೆ ಒಬ್ಬ ಮಹಿಳೆ.

ನೋಟಿಸಿನಲ್ಲಿ ‘ಪರೀಕ್ಷಾ ಅಕ್ರಮ ಎಸಗಿದ್ದೀರಿ’ ಎಂದಷ್ಟೇ ಬರೆದರೆ ಅದು ನೋಟಿಸೇ ಅಲ್ಲ. ಯಾವ ದಿನ, ಯಾವ ಕೊಠಡಿ, ಎಷ್ಟು ಹೊತ್ತು, ಏನು ಸಿಕ್ಕಿತು, ನಿಯಮಾವಳಿಯ ಯಾವ ಕಲಂ ಎಂದು ಬರೆಯಿರಿ. ಚೀಟಿಯ ನಕಲು, ಮೇಲ್ವಿಚಾರಕರ ವರದಿಯ ನಕಲು ಜತೆಗಿರಲಿ. ಉತ್ತರ ಕೊಡಲು ಒಂದು ವಾರವಾದರೂ ಕೊಡಿ. ಪರೀಕ್ಷಾ ಸಮಿತಿ ವಿದ್ಯಾರ್ಥಿಯ ಮಾತು ಕೇಳದೆ ಫಲಿತಾಂಶ ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1962ರಷ್ಟು ಹಿಂದೆಯೇ, ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಹೇಳಿದೆ. ಅದೇ ಕೋರ್ಟ್ 1970ರಲ್ಲಿ ಬಿಹಾರದ ಪ್ರಕರಣದಲ್ಲಿ, ಇಡೀ ಕೇಂದ್ರದಲ್ಲಿ ಸಾಮೂಹಿಕ ನಕಲು ನಡೆದಾಗ ಯಾರನ್ನೂ ಹೆಸರಿಸಿ ದೂರದೆ ಪರೀಕ್ಷೆ ರದ್ದು ಮಾಡಿದರೆ ಒಬ್ಬೊಬ್ಬರನ್ನೂ ವಿಚಾರಿಸಬೇಕಿಲ್ಲ ಎಂದಿತು. ವ್ಯತ್ಯಾಸ ಗಮನಿಸಿ: ಒಬ್ಬರ ಹೆಸರಿಗೆ ಕಳಂಕ ಹಚ್ಚುವಾಗ ಅವರ ಮಾತು ಕೇಳಲೇಬೇಕು. ಕಳಂಕಿತರನ್ನು ಉಳಿದವರಿಂದ ಬೇರ್ಪಡಿಸಲು ಸಾಧ್ಯವಿದ್ದರೆ ಎಲ್ಲರ ಪರೀಕ್ಷೆ ರದ್ದು ಮಾಡಬಾರದು. 2024ರ ನೀಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಟ್ನಾ, ಹಜಾರಿಬಾಗ್‌ಗಳಲ್ಲಿ ಸೋರಿಕೆಯಾಗಿದ್ದನ್ನು ಒಪ್ಪಿಯೂ ಮರುಪರೀಕ್ಷೆ ಬೇಡವೆಂದದ್ದು ಈ ಅಳತೆಗೋಲಿನಿಂದ.

ಎಷ್ಟು ಸಾಕ್ಷ್ಯ ಸಾಕು? ಕ್ರಿಮಿನಲ್ ಕೇಸಿನಂತೆ ಸಂಶಯಾತೀತವಾಗಿ ಸಾಬೀತಾಗಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬ ತೂಕ ಸಾಕು. 1991ರ ಮಹಾರಾಷ್ಟ್ರ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಆದರೆ ‘ಅನುಮಾನ’ ಮತ್ತು ‘ಹೆಚ್ಚು ಸಂಭವನೀಯ’ ಒಂದೇ ಅಲ್ಲ. ಸಮಿತಿ ಬರೆದು ಉತ್ತರಿಸಬೇಕಾದ ಪ್ರಶ್ನೆಗಳು ಇವು: ವಸ್ತು ಈ ವಿದ್ಯಾರ್ಥಿಯ ವಶದಲ್ಲಿತ್ತೇ? ಅಂದಿನ ವಿಷಯಕ್ಕೆ ಸೇರಿದ್ದೇ? ಬಳಸಿದರೇ, ಬರೀ ಇಟ್ಟುಕೊಂಡಿದ್ದರೇ? ಕೈಬರಹ ಯಾರದು? ವಿದ್ಯಾರ್ಥಿಯ ವಿವರಣೆ ನಂಬುವಂತಿದೆಯೇ, ಇಲ್ಲದಿದ್ದರೆ ಏಕೆ? ಹಿಂದಿನ ದಿನದ ವಿಷಯದ ಚೀಟಿ ಜೇಬಿನಲ್ಲಿ ಮರೆತಿದ್ದಕ್ಕೂ ಇವತ್ತಿನ ಚೀಟಿಯಿಂದ ಎರಡು ಪುಟ ಇಳಿಸಿದ್ದಕ್ಕೂ ಒಂದೇ ಶಿಕ್ಷೆ ಕೊಟ್ಟ ಆದೇಶ ಮೇಲ್ಮನವಿಯಲ್ಲಿ ಉಳಿಯುವುದು ಕಷ್ಟ, ಉಳಿಯಲೂ ಬಾರದು. ಆದೇಶದಲ್ಲಿ ಕಾರಣ ಬರೆಯಿರಿ, ಮೇಲ್ಮನವಿ ಎಲ್ಲಿಗೆ, ಎಷ್ಟು ದಿನದೊಳಗೆ ಎಂದೂ ಬರೆಯಿರಿ. ಮುಂದಿನ ಸೆಮಿಸ್ಟರಿನ ಶುಲ್ಕ ಕಟ್ಟುವ ದಿನಕ್ಕೆ ಮೊದಲು ತೀರ್ಮಾನ ಆಗಬೇಕು. ಎಂಟು ತಿಂಗಳು ತಡೆಹಿಡಿದ ಫಲಿತಾಂಶ, ಆರೋಪ ಸಾಬೀತಾಗದಿದ್ದರೂ ಕೊಟ್ಟ ಶಿಕ್ಷೆಯೇ.

ಪೊಲೀಸರಿಗೆ ಯಾವಾಗ

ಚೀಟಿಗೆ ಪೊಲೀಸರು ಬೇಡ. ಬೇರೆಯವರ ಬದಲು ಪರೀಕ್ಷೆ ಬರೆಯಲು ಬಂದವರು ಸಿಕ್ಕಾಗ, ಪ್ರಶ್ನೆಪತ್ರಿಕೆ ಸೋರಿದಾಗ, ಅಂಕ ತಿದ್ದಿದಾಗ, ಹಣ ಕೈ ಬದಲಾದಾಗ ಅದೇ ದಿನ ಲಿಖಿತ ದೂರು ಕೊಡಿ. ಸೋಗು ಹಾಕಿ ವಂಚಿಸುವುದು ಭಾರತೀಯ ನ್ಯಾಯ ಸಂಹಿತೆಯ 319ನೆಯ ಕಲಂ ಕೆಳಗೆ ಅಪರಾಧ. 2024ರ ಜೂನ್ 21ರಿಂದ ಜಾರಿಗೆ ಬಂದ ಕೇಂದ್ರದ ಸಾರ್ವಜನಿಕ ಪರೀಕ್ಷಾ ಕಾಯ್ದೆ ಯುಪಿಎಸ್‌ಸಿ, ಎಸ್‌ಎಸ್‌ಸಿ, ರೈಲ್ವೆ, ಬ್ಯಾಂಕ್, ಎನ್‌ಟಿಎ (ನೀಟ್‌ನಂಥ ಪರೀಕ್ಷೆ ನಡೆಸುವ ಕೇಂದ್ರದ ಸಂಸ್ಥೆ) ಪರೀಕ್ಷೆಗಳಿಗೆ ಸಂಬಂಧಿಸಿದ್ದು. ಅದರಲ್ಲಿ 3ರಿಂದ 5 ವರ್ಷ, ಸಂಘಟಿತ ಅಪರಾಧಕ್ಕೆ 5ರಿಂದ 10 ವರ್ಷ ಜೈಲು ಇದೆ, ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ರಾಜ್ಯದ 2023ರ ಕಾಯ್ದೆ ನೇಮಕಾತಿ ಪರೀಕ್ಷೆಗಳಿಗೆ. ನಿಮ್ಮ ಕಾಲೇಜಿನ ಸೆಮಿಸ್ಟರ್ ಪರೀಕ್ಷೆಗೆ ಇವೆರಡನ್ನೂ ತೋರಿಸಿ ವಿದ್ಯಾರ್ಥಿಗಳನ್ನು ಹೆದರಿಸಬೇಡಿ. ಆದರೆ ಕಾಲೇಜು ಎನ್‌ಟಿಎ ಪರೀಕ್ಷೆಯ ಕೇಂದ್ರವಾಗಿದ್ದರೆ ನಿಮ್ಮ ಸಿಬ್ಬಂದಿಗೆ ಈ ಕಾಯ್ದೆಯ ಒಂದೊಂದು ಕಲಮನ್ನೂ ಓದಿ ಹೇಳಿ, ಅದು ಗುರಿಯಿಟ್ಟಿರುವುದು ಪರೀಕ್ಷೆ ನಡೆಸುವವರನ್ನೂ ಒಳಗೊಂಡ ಜಾಲವನ್ನು.

ಕಡತ ಇಡುವ ಬಗೆ

ಹೈಕೋರ್ಟಿನಲ್ಲಿ ಪ್ರಶ್ನೆ ಬರುವುದು ಎರಡು ಮೂರು ವರ್ಷದ ಮೇಲೆ ಇರಬಹುದು. ಆಗ ಮೇಲ್ವಿಚಾರಕರು ಬೇರೆ ಊರಲ್ಲಿರುತ್ತಾರೆ, ಕಡತವೇ ಮಾತಾಡಬೇಕು. ಆಸನ ಪಟ್ಟಿ, ಹಾಜರಿ ಹಾಳೆ, ಕೊಠಡಿ ಪುಸ್ತಕದ ಪುಟ, ಶೌಚಾಲಯ ಪುಸ್ತಕದ ಪುಟ, ಲಕೋಟೆ, ಹೇಳಿಕೆ, ನೋಟಿಸ್, ಉತ್ತರ, ಆದೇಶ ಎಲ್ಲಕ್ಕೂ ಪುಟಸಂಖ್ಯೆ ಹಾಕಿ ಒಂದೇ ಕಡತದಲ್ಲಿಡಿ, ದೃಶ್ಯಗಳ ಎರಡು ಪ್ರತಿ ಬೇರೆ ಬೇರೆ ಬೀರುವಿನಲ್ಲಿ. ಮೂಲ ಚೀಟಿಗೆ ಪಂಚ್ ಹೊಡೆಯಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಲ್ಯಾಮಿನೇಟ್ ಆದ ಕಾಗದದ ಶಾಯಿಯನ್ನು, ಪೆನ್ನಿನ ಒತ್ತನ್ನು ವಿಧಿವಿಜ್ಞಾನ ಪ್ರಯೋಗಾಲಯದವರು ಪರೀಕ್ಷಿಸಲಾರರು. ಬಿಳಿ ಕಾಗದದ ಪುಟ್ಟ ಲಕೋಟೆಯಲ್ಲಿ, ಮಡಿಸದೆ, ಬಿಸಿಲು ಬೀಳದ ಕಡೆ ಇಡಿ.